ಅರ್ಜಿ ಸಾಬರು ಕೊಟ್ಟ ಪದಗಳು

ಆಗೆಲ್ಲ ಶಾಲೆ ಬಿಟ್ಟ ಮೇಲೆ ಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ಇದ್ದವರು ಮನೆಗೆ ಹೋಗುತ್ತಿದ್ದರು, ಇಲ್ಲದವರು ಅಮ್ಮ ಎಲ್ಲಿದ್ದಾಳೋ ಅಲ್ಲಿಗೆ. ನನ್ನಮ್ಮ ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಟಪಾಲು ನೋಡುವ ಗುಮಾಸ್ತೆ. ಹಾಗಾಗಿ ಏಳನೇ ಕ್ಲಾಸಿನ ಆ ವರ್ಷ ಸಂಜೆ ನಾಲ್ಕೂವರೆಯಿಂದ ಆರರವರೆಗೆ ನಾನು ಬೆಳೆದದ್ದು ಕಚೇರಿ ಕಾಂಪೌಂಡಿನ ಹೊಂಗೆಮರದ ಕೆಳಗೆ. ಅರಗು ಕರಗಿಸುವ ವಾಸನೆ, ಗೋಂದಿನ ವಾಸನೆ, ಗೇಟಿನಾಚೆ ಬಾಣಲೆಯಿಂದ ಏಳುವ ಮೆಣಸಿನಕಾಯಿ ಬಜ್ಜಿಯ ವಾಸನೆ, ಮೂರೂ ಸೇರಿದರೆ ನನಗೆ ಇವತ್ತಿಗೂ ಸಂಜೆ ಅನ್ನಿಸುತ್ತದೆ.

ಆ ಮರದ ಬುಡದಲ್ಲಿ ಒಂದು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ ಒಬ್ಬರು ಕೂರುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಕುಣಿಗಲ್ ಕಡೆಯವರು, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಇಡೀ ಊರು ಅವರನ್ನು ಅರ್ಜಿ ಸಾಬರು ಎಂದು ಕರೆಯುತ್ತಿತ್ತು. ಅಮ್ಮ ‘ಸಾಬ್ರೇ’ ಅನ್ನುತ್ತಿದ್ದಳು, ನಾನೂ ಹಾಗೇ ಅನ್ನುತ್ತಿದ್ದೆ. ಅವರ ಕನ್ನಡ ಅಕ್ಷರ ಎಷ್ಟು ದುಂಡಗಿತ್ತೆಂದರೆ ಕಚೇರಿಯೊಳಗಿನ ಗುಮಾಸ್ತರು ಮದುವೆ ಲಗ್ನಪತ್ರಿಕೆಯ ಲಕೋಟೆಗಳ ಮೇಲೆ ಹೆಸರು ಬರೆಸಲು ಅವರ ಹತ್ತಿರ ತರುತ್ತಿದ್ದರು.

ನಾನು ಒಬ್ಬಳೇ ಕುಂಟೆಬಿಲ್ಲೆ ಆಡಿ ಸಾಕಾದ ಮೇಲೆ ಅವರ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವರು ಜೇಬಿನಿಂದ ಹುರಿಗಡಲೆ, ಕೊಬ್ಬರಿ ಚೂರು ತೆಗೆದು ಕೊಡುತ್ತಿದ್ದರು. ಅರ್ಜಿ ಬರೆಯುವುದರಲ್ಲಿ ಅವರದೊಂದು ಕ್ರಮ ಇತ್ತು. ಬಂದವರು ಕಷ್ಟವನ್ನೆಲ್ಲ ಹೇಳಿ ಮುಗಿಸುವವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಅತ್ತೆಯ ಮೇಲಿನ ಸಿಟ್ಟು, ಮೇಕೆಯ ಕಾಯಿಲೆ, ದಾಯಾದಿಯ ಕುತಂತ್ರ ಎಲ್ಲ ಬಂದುಹೋದ ಮೇಲೆ, “ಅಂದ್ರೆ ಯಜಮಾನ್ರೇ, ನಿಮ್ಗೆ ಬೇಕಾಗಿರೋದು ಇಷ್ಟು” ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಬಂದವರು ತಲೆ ಆಡಿಸಿದ ಮೇಲೇ ಬರೆಯುವುದು.

ಆ ಅಕ್ಟೋಬರಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಒಂದು ಹೊಸ ಆಟ ತೆಗೆದರು. ಪಾಠದಲ್ಲಿ ‘ಅನ್ಯಾಯ’ ಅನ್ನುವ ಪದ ಬಂದಿತ್ತು. ಅವರು ಪುಸ್ತಕ ಮುಚ್ಚಿ ಹಲಗೆಯ ಮೇಲೆ ಒಂದು ‘ಅ’ ಬರೆದರು.

“ಇದೊಂದು ಅಕ್ಷರ ಮುಂದೆ ಬಂದು ಕೂತ್ರೆ ಇಡೀ ನ್ಯಾಯನೇ ಇಲ್ದಂಗಾಯ್ತು ನೋಡ್ರೋ” ಅಂದರು. “ಇದು ಸಂಸ್ಕೃತದಿಂದ ಬಂದಿದ್ದು. ನಮ್ಮ ಕನ್ನಡದ ಸ್ವಭಾವನೇ ಬೇರೆ. ನಾವು ‘ದೀಪ ಇಲ್ಲದ ಮನೆ’ ಅಂತೀವಿ. ಮೊದ್ಲು ದೀಪ ಅಂತ ಹೇಳಿ, ಆಮೇಲೆ ಇಲ್ಲ ಅಂತೀವಿ. ಮುಖಕ್ಕೆ ಹೊಡ್ದಂಗೆ ಮೊದ್ಲೇ ಇಲ್ಲ ಅನ್ನಲ್ಲ. ಮುಂದೆ ಬಂದು ಕೂರೋ ಈ ‘ಇಲ್ಲ’ಗಳನ್ನೆಲ್ಲ ನಾವು ಬೇರೆ ಬೇರೆ ಭಾಷೆಯಿಂದ ಇಸ್ಕೊಂಡಿದೀವಿ. ಯಾವ್ಯಾವ್ದು ಇಸ್ಕೊಂಡಿದೀವೋ ಹುಡುಕ್ಕೊಂಡ್ ಬನ್ನಿ.”

ಹುಡುಕುವುದಕ್ಕೆ ಒಂದು ನಿಯಮ ಇತ್ತು. ಪುಸ್ತಕದಿಂದ ಪದ ತರುವಂತಿಲ್ಲ, ಮನುಷ್ಯರ ಬಾಯಿಂದಲೇ ತರಬೇಕು. ಹಳೇ ಉತ್ತರಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಯ ಮೇಲೆ ಮೂರು ಸಾಲು: ಪದ, ಅರ್ಥ, ಕೊಟ್ಟವರು. ಮೂರನೇ ಸಾಲು ಖಾಲಿ ಇದ್ದರೆ ಕಡೆಗೆ ಎಣಿಸುವಾಗ ಮೇಷ್ಟ್ರು ಆ ಚೀಟಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. “ಪದ ಆಕಾಶದಿಂದ ಉದುರಲ್ಲ. ಯಾರೋ ಕೊಟ್ಟಿರ್ತಾರೆ, ಅವ್ರ ಹೆಸ್ರು ಹೇಳೋದು ಮರ್ಯಾದೆ” ಎನ್ನುತ್ತಿದ್ದರು. ಯಾರ ಚೀಟಿಗಳು ಹೆಚ್ಚೋ ಅವರು ನವೆಂಬರ್ ಒಂದರಂದು ಶಾಲೆಯ ರಾಜ್ಯೋತ್ಸವದಲ್ಲಿ ಎಲ್ಲರೆದುರು ಓದಬೇಕು, ಆಮೇಲೆ ತುಮಕೂರಿನ ಸ್ಪರ್ಧೆಗೆ ಹೋಗಬೇಕು.

ಮೊದಲ ವಾರ ನನ್ನ ಪಾಡು ನಾಯಿಪಾಡು. ಅಸತ್ಯ, ಅಧರ್ಮ, ಅನಾಥ, ನಿರುದ್ಯೋಗ. ನಾನು ತಂದದ್ದನ್ನೆಲ್ಲ ನಲವತ್ತು ಜನ ತಂದಿದ್ದರು. ಡಾಕ್ಟರ ಮಗಳು ಸುಮಿತ್ರ ಮಾತ್ರ ಅಪ್ಪನ ಬಾಯಿಂದ ಅನ್‌ಫಿಟ್, ಇನ್‌ವ್ಯಾಲಿಡ್, ನಾನ್‌ವೆಜ್ ಎಂದು ಇಂಗ್ಲಿಷಿನ ‘ಇಲ್ಲ’ಗಳನ್ನು ತಂದು ಮೇಷ್ಟ್ರ ಮುಖ ಅರಳಿಸಿದ್ದಳು. “ಇಂಗ್ಲಿಷಿನ ‘ಅನ್’, ಸಂಸ್ಕೃತದ ‘ಅನ್’ ಎರಡೂ ಒಂದೇ ಮನೆ ಮಕ್ಕಳು ಕಣಮ್ಮ. ಒಬ್ಬ ಆ ಕಡೆ ಹೋದ, ಒಬ್ಬ ಈ ಕಡೆ ಬಂದ” ಎಂದು ಅವರು ಅವಳಿಗೆ ಹೇಳುವಾಗ ನಾನು ಕೈಯಲ್ಲಿದ್ದ ನನ್ನ ಚೀಟಿಗಳನ್ನು ಮುದುರಿ ಹಾಕಿದೆ. ನಾನು ಸಣ್ಣವಳಿದ್ದಾಗಿನಿಂದಲೂ ಇಂಥವಳೇ. ಇನ್ನೊಬ್ಬರನ್ನು ಹೊಗಳಿದರೆ ನನ್ನನ್ನು ಬೈದಂತೆ ಕೇಳುತ್ತದೆ.

ಆ ಸಂಜೆ ಮುಖ ಊದಿಸಿಕೊಂಡು ಹೊಂಗೆಮರದ ಕೆಳಗೆ ಕೂತಿದ್ದೆ. ಸಾಬರು ಹಾಗಲವಾಡಿ ಕಡೆಯ ಒಬ್ಬ ಮುದುಕರಿಗೆ ನಕ್ಷೆಯ ನಕಲು ಕೇಳುವ ಅರ್ಜಿ ಬರೆಯುತ್ತಿದ್ದರು. ಬರೆದದ್ದನ್ನು ಮುದುಕರಿಗೆ ಓದಿ ಹೇಳುವಾಗ ‘ಬೇಚರಾಕ್ ಗ್ರಾಮ’ ಎಂದು ಬಂತು. ಮುದುಕರು ಹೋದ ಮೇಲೆ ಹಾಗೆಂದರೇನು ಎಂದು ಕೇಳಿದೆ.

“ಯಾರೂ ವಾಸ ಇಲ್ದಿರೋ ಹಳ್ಳಿ ಮಗಾ. ಹೊಲ ಇರ್ತದೆ, ಸರ್ವೆ ನಂಬರ್ ಇರ್ತದೆ, ಮನೆ ಇರಲ್ಲ. ಚಿರಾಗ್ ಅಂದ್ರೆ ದೀಪ. ಬೇ ಅಂದ್ರೆ ಇಲ್ಲ. ದೀಪ ಹಚ್ಚೋರಿಲ್ದಿರೋ ಊರು ಅಂತ.”

ನಾನು ಸ್ಟೂಲಿನಿಂದ ಎದ್ದು ನಿಂತೆ. ಮೇಷ್ಟ್ರು ಹೇಳಿದ ಆಟವನ್ನು ಒಂದೇ ಉಸಿರಿಗೆ ಸಾಬರಿಗೆ ಒಪ್ಪಿಸಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು, ಅರ್ಜಿದಾರರ ಮಾತು ಕೇಳುವಂತೆಯೇ. ಕಡೆಗೆ, “ಅಂದ್ರೆ ನಿಂಗೆ ಬೇಕಾಗಿರೋದು ಆ ಹುಡ್ಗೀಗಿಂತ ಜಾಸ್ತಿ ಪದ, ಅಷ್ಟೇ ತಾನೇ?” ಎಂದು ನಕ್ಕರು.

ಅಲ್ಲಿಂದ ಎರಡು ವಾರ ನಮ್ಮದು ಹಬ್ಬ. ಬೇನಾಮಿ, ಬೇವಾರಸು, ಬೇಜವಾಬ್ದಾರಿ. ಆಮೇಲೆ ‘ನಾ’ ಬಂತು: ನಾಪತ್ತೆ, ನಾಲಾಯಕ್ಕು, ನಾಮಂಜೂರು. ಆಮೇಲೆ ‘ಲಾ’: ಲಾಚಾರು, ಅಂದರೆ ಬೇರೆ ದಾರಿಯೇ ಇಲ್ಲದವನು. ಪ್ರತಿ ಪದಕ್ಕೂ ಒಂದು ಅರ್ಜಿಯ ಕಥೆ. ನಾಪತ್ತೆ ಅಂದರೆ ಎತ್ತು ಕಳೆದುಕೊಂಡ ಒಬ್ಬ, ನಾಮಂಜೂರು ಅಂದರೆ ಮೂರು ಸಲ ಅರ್ಜಿ ಹಾಕಿ ನಾಲ್ಕನೇ ಸಲ ಬಂದ ಒಬ್ಬಳು. ‘ಗೈರುಹಾಜರಿ’ಯ ದಿನ ಮಾತ್ರ ಅವರು ಸ್ವಲ್ಪ ಯೋಚಿಸಿದರು. “ಗೈರು ಅನ್ನೋದು ಅರಬ್ಬಿ ಮಾತು. ಅದಕ್ಕೆ ಇಲ್ಲ ಅನ್ನೋದ್ಕಿಂತ ಬೇರೆ ಅನ್ನೋದೇ ಸರಿ. ನಮ್ಮೋನಲ್ಲ, ಹೊರಗಿನೋನು ಅಂತ” ಅಂದರು. ನಾನು ಅರ್ಥದ ಸಾಲಿನಲ್ಲಿ ‘ಹಾಜರಿ ಇಲ್ಲದಿರುವುದು’ ಎಂದು ಬರೆದುಕೊಂಡೆ, ಉದ್ದ ಬರೆಯಲು ಜಾಗ ಇರಲಿಲ್ಲ.

ಇಷ್ಟೆಲ್ಲ ಕೊಟ್ಟವರು ಕೇಳಿದ್ದು ಒಂದೇ. ಮೊದಲ ದಿನವೇ ಚೀಟಿಯ ಮೂರನೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

“ಇಲ್ಲಿ ಅರ್ಜಿ ಸಾಬ್ರು ಅಂತ ಬರೀಬೇಡ ಮಗಾ. ನನ್ ಹೆಸ್ರು ಬರಿ. ಪೂರ್ತಿ.”

“ಯಾಕ್ ಸಾಬ್ರೇ?”

“ಕ್ರಯಪತ್ರ ಬರೆಯೋರಿಗೆ ಕಡೇಲಿ ಬಿಕ್ಕಲಂ ಅಂತ ತಮ್ಮ ಹೆಸ್ರು ಹಾಕ್ಕೊಳೋ ಹಕ್ಕಿದೆ. ಇಂಥೋನ ಕಲಮಿನಿಂದ ಆಗಿದ್ದು ಅಂತ. ಬೇ ಅಂದ್ರೆ ಇಲ್ಲದ್ದು, ಈ ಬಿ ಅಂದ್ರೆ ಜೊತೇಲಿರೋದು. ಅರ್ಜಿ ಬರೆಯೋನಿಗೆ ಆ ಹಕ್ಕಿಲ್ಲ. ಮೇಲ್ಗಡೆ ಸಾಹೇಬ್ರ ಹೆಸ್ರು, ಕೆಳ್ಗಡೆ ಅರ್ಜಿದಾರನ ಸಹಿ. ನಲವತ್ತು ವರ್ಷದಿಂದ ತಾಲ್ಲೂಕಿನೋರ್ ಹೆಸ್ರೆಲ್ಲ ಬರ್ದಿದೀನಿ, ನನ್ನದೊಂದು ಯಾವ ಕಾಗ್ದದಲ್ಲೂ ಇಲ್ಲ. ನೀನು ಮೈಕಲ್ಲಿ ಓದ್ತೀಯಲ್ಲ, ಆವತ್ತು ಬಂದು ಕೇಳ್ತೀನಿ.”

ಹೆಸರು ಹೇಳಿದರು. ನಾನು ಬರೆದೆ. ಒಂದು ಒತ್ತಕ್ಷರ ತಪ್ಪಿತ್ತು, ಅವರೇ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ತಿದ್ದಿದರು. ಅಲ್ಲಿಂದ ಮೂವತ್ತೆಂಟು ಚೀಟಿಗಳ ಮೇಲೂ ಅದೇ ಹೆಸರನ್ನು ತಪ್ಪಿಲ್ಲದೆ ಬರೆದೆ.

ರಾಜ್ಯೋತ್ಸವದ ಹಿಂದಿನ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಜಂಬಕ್ಕೆ ಚೀಟಿಗಳ ಕಟ್ಟನ್ನು ಸುಮಿತ್ರಳಿಗೆ ತೋರಿಸಿದೆ. ಅವಳು ಒಂದೊಂದೇ ತಿರುವಿ ಹಾಕಿ ಕಿಸಕ್ಕನೆ ನಕ್ಕಳು.

“ಏನೇ ಇದು, ಎಲ್ಲಾ ಒಬ್ರೇ ಸಾಬ್ರು ಕೊಟ್ಟವ್ರೆ! ಕನ್ನಡದೋರು ಯಾರೂ ಸಿಗ್ಲಿಲ್ವಾ ನಿಂಗೆ? ಕನ್ನಡ ರಾಜ್ಯೋತ್ಸವ ಕಣೇ ನಾಳೆ.”

ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರೂ ನಕ್ಕರು. ಅಷ್ಟೇ ನಡೆದದ್ದು. ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಹೆದರಿಸಲಿಲ್ಲ. ಮೂರು ಹುಡುಗಿಯರು ಒಂದು ಸಲ ನಕ್ಕರು. ಅಷ್ಟಕ್ಕೇ ನಾನು ಕಟ್ಟನ್ನು ಕಿತ್ತುಕೊಂಡು ಚೀಲಕ್ಕೆ ತುರುಕಿದೆ. ಎರಡು ವಾರ ಹೆಮ್ಮೆಯಿಂದ ಬರೆದ ಹೆಸರು ಆ ಕ್ಷಣದಿಂದ ನನಗೆ ಮುಚ್ಚಿಡಬೇಕಾದ ಹೆಸರಾಯಿತು. ಇದನ್ನು ಬರೆಯುವಾಗ ಸುಮಿತ್ರಳ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ಅವಳು ನಕ್ಕು ಮರೆತಳು. ಮಾಡಿದ್ದು ನಾನು.

ಅವತ್ತು ಸಂಜೆ ಹೊಂಗೆಮರದ ಕಡೆ ಹೋಗದೆ ಹೊಟ್ಟೆನೋವು ಅಂತ ಅಮ್ಮನಿಂದ ಬೀಗದಕೈ ಇಸಿದುಕೊಂಡು ನೆಟ್ಟಗೆ ಮನೆಗೆ ಹೋದೆ. ಮೂವತ್ತೆಂಟು ಹೊಸ ಚೀಟಿ ಕತ್ತರಿಸಿದೆ. ಪದ ಅದೇ, ಅರ್ಥ ಅದೇ. ಕೊಟ್ಟವರು ಎನ್ನುವ ಕಡೆ ‘ನಮ್ಮ ತಾತ ಚನ್ನಬಸಪ್ಪನವರು’ ಎಂದು ಬರೆದೆ. ತಾತ, ಅಂದರೆ ಅಮ್ಮನ ಅಪ್ಪ, ತೀರಿಹೋಗಿ ಎರಡು ವರ್ಷವಾಗಿತ್ತು. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ ಎನ್ನುವ ಲೆಕ್ಕಾಚಾರ ಹನ್ನೆರಡು ವರ್ಷದ ತಲೆಗೆ ಹೊಳೆದಿತ್ತು, ನೋಡಿ. ತೆಂಗಿನ ತೋಟ ಬಿಟ್ಟು ಬೇರೇನೂ ಕಾಣದ, ಕಾಗದ ಕಂಡರೆ ಹೆಬ್ಬೆಟ್ಟು ಚಾಚುತ್ತಿದ್ದ ಆ ಮುಗ್ಧ ಮನುಷ್ಯನ ಹೆಸರಿಗೆ ಕಚೇರಿಯ ಮೂವತ್ತೆಂಟು ಪದಗಳನ್ನು ಖಾತೆ ಮಾಡಿಕೊಟ್ಟೆ. ಹಳೆಯ ಚೀಟಿಗಳನ್ನು ಬಚ್ಚಲ ಹಂಡೆ ಒಲೆಗೆ ಹಾಕಿದೆ. ಅಷ್ಟರಲ್ಲಿ ಅಮ್ಮ ಬಂದಿದ್ದಳು. “ಏನೇ ಅದು?” ಎಂದಳು. “ರಫ್ ಪೇಪರು” ಎಂದೆ.

ಮಾರನೇ ದಿನ ಬೆಳಗ್ಗೆ ಮೇಷ್ಟ್ರು ಎಲ್ಲರ ಚೀಟಿ ಎಣಿಸಿದರು, ನನ್ನವೇ ಹೆಚ್ಚು. ಬಾವುಟ ಹಾರಿಸಿ, ಬೂಂದಿ ಹಂಚಿ, ನನ್ನನ್ನು ವೇದಿಕೆಗೆ ಕರೆದರು. ಮೈಕು ಕುಂಯ್ ಎಂದಿತು. ಅಂಗಳದ ಕೊನೆಯಲ್ಲಿ, ತಾಯಂದಿರ ಸಾಲಿನ ಹಿಂದೆ, ಕಾಂಪೌಂಡಿಗೆ ಆನಿಕೊಂಡು ಸಾಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಟೋಪಿ. ಕೈಯಲ್ಲೊಂದು ಬೇಕರಿ ಪೊಟ್ಟಣ. ನನ್ನನ್ನು ನೋಡಿ ತಲೆ ಆಡಿಸಿದರು.

ಆಗಲೂ ಸಮಯ ಇತ್ತು. ಚೀಟಿಯಲ್ಲಿ ಏನೇ ಬರೆದಿದ್ದರೂ ಬಾಯಿ ನನ್ನದೇ ತಾನೆ? ಮೂರನೇ ಸಾಲಿಗೆ ಬಂದಾಗ ಅವರ ಹೆಸರು ಹೇಳಿದ್ದರೆ ಯಾರು ತಡೆಯುತ್ತಿದ್ದರು? ಮೊದಲ ಸಾಲಿನಲ್ಲೇ ಸುಮಿತ್ರ ಕೂತಿದ್ದಳು. ನಾನು ಅವಳನ್ನು ನೋಡಿದೆ, ಸಾಬರನ್ನು ನೋಡಲಿಲ್ಲ.

“ಪದ: ಬೇಚರಾಕ್. ಅರ್ಥ: ದೀಪ ಹಚ್ಚುವವರಿಲ್ಲದ ಊರು. ಕೊಟ್ಟವರು: ನಮ್ಮ ತಾತ ಚನ್ನಬಸಪ್ಪನವರು.”

ಚಪ್ಪಾಳೆ. ಮೇಷ್ಟ್ರು “ಭಲೇ” ಎಂದರು. ಹೊತ್ತಾಗುತ್ತದೆಂದು ಹತ್ತೇ ಚೀಟಿ ಓದಿಸಿದರು. ಹತ್ತು ಸಲ ನಮ್ಮ ತಾತ, ಹತ್ತು ಸಲ ಚಪ್ಪಾಳೆ. ಮೂರನೆಯದೋ ನಾಲ್ಕನೆಯದೋ ಚೀಟಿಯ ಹೊತ್ತಿಗೆ ಒಮ್ಮೆ ಕಣ್ಣೆತ್ತಿ ನೋಡಿದೆ. ಸಾಬರು ಕತ್ತನ್ನು ಸ್ವಲ್ಪ ಮುಂದೆ ಚಾಚಿ ಕೇಳುತ್ತಿದ್ದರು. ಮುಂದಿನದಾದರೂ ತಮ್ಮ ಹೆಸರಿನಲ್ಲಿ ಬರಬಹುದು ಎಂದು ಕಾಯುತ್ತಿದ್ದರು ಅಂತ ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಉಳಿದ ಚೀಟಿಗಳನ್ನು ಇನ್ನೂ ಬೇಗ ಬೇಗ ಓದಿದೆ.

ಕಾರ್ಯಕ್ರಮ ಮುಗಿದ ಮೇಲೆ ಅವರು ಹೊರಟುಹೋಗಿರುತ್ತಾರೆ ಎಂದುಕೊಂಡಿದ್ದೆ. ಹೋಗಿರಲಿಲ್ಲ. ಅಮ್ಮ ನನ್ನ ಜಡೆಯ ರಿಬ್ಬನ್ನು ಸರಿ ಮಾಡುತ್ತಿದ್ದಾಗ ನಿಧಾನವಾಗಿ ಹತ್ತಿರ ಬಂದರು. ನಾನು ಅಮ್ಮನ ಸೆರಗಿನ ಹಿಂದೆ ಸರಿದೆ. ಅವರು ಪೊಟ್ಟಣವನ್ನು ನನ್ನ ಕಡೆ ಚಾಚಿದರು, ಬೇಕರಿಯ ದಿಲ್‌ಪಸಂದ್.

“ತಗೊಳ್ಳಿ. ಚೆನ್ನಾಗಿ ಓದಿದ್ರಿ” ಅಂದರು.

ಅದುವರೆಗೆ ಅವರ ಬಾಯಲ್ಲಿ ನಾನು ಮಗಾ. ಬಾ, ಕೂತ್ಕೋ, ತಿನ್ನು. ಈಗ ತಗೊಳ್ಳಿ, ಓದಿದ್ರಿ. ಕಚೇರಿಗೆ ಹೊಸದಾಗಿ ಬಂದ ಸಾಹೇಬರ ಹತ್ತಿರ ಮಾತಾಡುವಂತೆ ಮಾತಾಡಿ, ಅಮ್ಮನಿಗೆ “ಬರ್ತೀನಮ್ಮ” ಎಂದು ಹೇಳಿ ಹೋದರು. ಬೈದಿದ್ದರೆ ಅತ್ತು ತಪ್ಪು ಒಪ್ಪಿಕೊಳ್ಳುತ್ತಿದ್ದೆನೇನೋ. ಆ ಮರ್ಯಾದೆಗೆ ಏನು ಮಾಡಬೇಕೋ ತಿಳಿಯಲಿಲ್ಲ.

ಮನೆಗೆ ಬಂದು ಕಾಲು ತೊಳೆದುಕೊಂಡು ಒಳಗೆ ಹೋಗುವಾಗ ಅಮ್ಮ ಹೇಳಿದಳು.

“ನಮ್ಮಪ್ಪ ಹೆಬ್ಬೆಟ್ ಒತ್ತೋರು ಕಣೇ. ನಿಂಗೆ ಬೇಚರಾಕ್ ಅಂತ ಹೇಳ್ಕೊಟ್ರಾ? ಚೀಟೀಲಿ ತಮ್ಮ ಪೂರ್ತಿ ಹೆಸ್ರು ಬರೆಸಿದೀನಿ ಅಂತ ಸಾಬ್ರು ಖುಷಿಯಾಗಿ ಹೇಳಿದ್ರು. ನಿನ್ನೆ ಒಲೆಗೆ ಹಾಕಿದ್ದು ಏನು ಅಂತ ಈಗ ಗೊತ್ತಾಯ್ತು. ಉಂಡ ಮನೆಗೆ ಎರಡು ಬಗೀಬಾರದು. ನಾಳೆ ಹೋಗಿ ಅವ್ರಿಗೆ ತಪ್ಪಾಯ್ತು ಅನ್ನು.”

“ಹೂಂ” ಎಂದೆ. ನಾಳೆ ಹೋಗಲಿಲ್ಲ. ನಾಡಿದ್ದು ಹೋಗಲಿಲ್ಲ. ಶಾಲೆ ಬಿಟ್ಟ ಮೇಲೆ ಕಚೇರಿಗೆ ಹೋಗುವ ಬದಲು ಊರಿನ ಲೈಬ್ರರಿಗೆ ಹೋಗಿ ಕೂರತೊಡಗಿದೆ. ಎಷ್ಟು ಒಳ್ಳೇ ಹುಡುಗಿ, ಎಷ್ಟು ಓದುತ್ತದೆ ಎಂದು ಲೈಬ್ರರಿಯವರು ಅಮ್ಮನ ಎದುರು ಹೊಗಳಿದರಂತೆ. ಅಮ್ಮ ಒಂದೆರಡು ಸಲ “ಹೇಳಿದ್ಯಾ?” ಎಂದು ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟಳು. ಅವಳು ಕೇಳುವುದನ್ನು ಬಿಟ್ಟದ್ದು ನನಗೆ ಇನ್ನೂ ಕಷ್ಟವಾಯಿತು.

ತುಮಕೂರಿಗೂ ಹೋಗಿ ಬಂದೆ. ಗುಬ್ಬಿಯಿಂದ ಬಸ್ಸಿನಲ್ಲಿ ಮೇಷ್ಟ್ರು ದಾರಿಯುದ್ದಕ್ಕೂ ತಾತನ ಬಗ್ಗೆ ಕೇಳುತ್ತಿದ್ದರು. ಪಾರಸಿ ಭಾಷೆಯ ‘ನಾ’ಕ್ಕೂ ಸಂಸ್ಕೃತದ ‘ನ’ಕ್ಕೂ ನೆಂಟಸ್ತಿಕೆ ಇದೆ, ಅಂಥ ಪದಗಳನ್ನು ಇಷ್ಟು ಜೋಪಾನ ಮಾಡಿದ್ದ ರೈತ ಎಂಥ ದೊಡ್ಡವರಿರಬೇಕು ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ತುಮಕೂರಿನಲ್ಲಿ ಎರಡನೇ ಬಹುಮಾನ ಬಂತು. ತೀರ್ಪುಗಾರರೊಬ್ಬರು ತಲೆ ಸವರಿ, “ನಿಮ್ಮ ತಾತನ ಹೆಸರು ಉಳಿಸಿದೆ ಮಗು” ಎಂದರು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ನನಗೇ ಗೊತ್ತಿಲ್ಲದೆ ಹೆಗಲಿಗೆ ಹೋಗಿತ್ತು.

ಮರುವರ್ಷ ಸಾಬರು ಮಗಳ ಮನೆಗೆಂದು ಕುಣಿಗಲ್ಲಿಗೆ ಹೋದರು. ಹೋಗುವ ಮುಂಚೆ ಕಚೇರಿಯೊಳಗೆ ಎಲ್ಲರಿಗೂ ಹೇಳಿ ಹೋದರಂತೆ. “ಮಗಳು ಚೆನ್ನಾಗವ್ರಾ?” ಎಂದು ನನ್ನನ್ನು ವಿಚಾರಿಸಿದರು ಅಂತ ಅಮ್ಮ ಹೇಳಿದಳು. ನಾನು ಪಿಯುಸಿಯಲ್ಲಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಯಡಿಯೂರಿಗೆ ಹೋಗುವಾಗ ಬರುವಾಗ ಕುಣಿಗಲ್ಲಿನಲ್ಲಿ ಎಷ್ಟು ಸಲ ಬಸ್ಸು ಬದಲಿಸಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಬಸ್‌ಸ್ಟ್ಯಾಂಡಿನಿಂದ ಆಚೆ ಹೋಗಿ ಅವರ ಮನೆ ಎಲ್ಲಿ ಎಂದು ಕೇಳಲಿಲ್ಲ. ಮೊದಮೊದಲು ನಾಚಿಕೆಗೆ, ಆಮೇಲೆ ಅಭ್ಯಾಸಕ್ಕೆ.

ಈಗ ನಾನು ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅರ್ಜಿಗಳು ಈಗ ಫೋನಿನಲ್ಲೇ ತುಂಬುವ ಖಾನೆಗಳಾಗಿವೆ, ಒಬ್ಬರ ಕಷ್ಟವನ್ನು ಪೂರ್ತಿ ಕೇಳಿ ಒಂದೇ ಮಾತಿಗೆ ಇಳಿಸಿಕೊಡುವವರು ಯಾರೂ ಬೇಕಾಗಿಲ್ಲ. ಪ್ರತಿ ವರ್ಷ ಪದಗಳ ಪಾಠ ಬಂದಾಗ ಬೇಚರಾಕ್, ನಾಮಂಜೂರು, ಲಾಚಾರು ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಪಾಠ ಚೆನ್ನಾಗಿರುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಚೆನ್ನಾಗಿರದೆ ಏನು, ಕಲಿಸಿದವರು ಚೆನ್ನಾಗಿ ಕಲಿಸಿದ್ದರು.

ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಮಿಸ್, ಇದನ್ನೆಲ್ಲ ನಿಮ್ಗೆ ಯಾರ್ ಹೇಳ್ಕೊಟ್ಟಿದ್ದು?”

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾಚಿಕೆಯ ಜೊತೆಗೇ ಒಂದು ಬಗೆಯ ಸಮಾಧಾನವೂ ಆಯಿತು. ಕಡೆಗೂ ಹೇಳಿಬಿಡುವ ಗಳಿಗೆ ಬಂತು, ಅರವತ್ತು ಮಕ್ಕಳು ಕೇಳಿಸಿಕೊಳ್ಳಲಿ ಎಂದುಕೊಂಡೆ. ಹಲಗೆಯ ಕಡೆ ತಿರುಗಿ, “ಗುಬ್ಬಿಯಲ್ಲಿ ಅರ್ಜಿ ಬರೀತಿದ್ದ ಒಬ್ಬ ಹಿರಿಯರು. ಅವರ ಹೆಸರು” ಎಂದೆ.

ಮುಂದೆ ಬರಲಿಲ್ಲ. ಸೀಮೆಸುಣ್ಣ ಹಲಗೆಗೆ ತಾಗಿಸಿಕೊಂಡು ನಿಂತೇ ಇದ್ದೆ. ಮೂವತ್ತೆಂಟು ಪದಗಳಲ್ಲಿ ಒಂದನ್ನೂ ಮರೆತಿಲ್ಲ, ಯಾವ ಪದಕ್ಕೆ ಯಾವ ಅರ್ಜಿಯ ಕಥೆ ಎಂಬುದೂ ನೆನಪಿದೆ. ಹೆಸರು ಮೂರು ಭಾಗದ್ದು, ಒಂದು ಒತ್ತಕ್ಷರ ಇತ್ತು, ಅಷ್ಟೇ. ಗಂಟೆ ಹೊಡೆಯಿತು. ಮಕ್ಕಳು ಎದ್ದು ಹೋದರು.

ಸ್ಟಾಫ್ ರೂಮಿಗೂ ಹೋಗದೆ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ಹೊಂಗೆಮರದ ಕೆಳಗೆ ಕೂರ್ತಿದ್ರಲ್ಲ, ಅವ್ರ ಹೆಸ್ರೇನು?”

“ಅರ್ಜಿ ಸಾಬ್ರು ಅಲ್ವೇನೇ?”

“ಅದಲ್ಲ. ಪೂರ್ತಿ ಹೆಸ್ರು.”



“ಎಲ್ರೂ ಹಂಗೇ ಕರೀತಿದ್ದಿದ್ದು. ನಾವ್ಯಾರೂ ಕೇಳಿದೋರಲ್ಲ” ಅಂದಳು. “ಅವರಾಗೇ ಹೇಳಿದ್ದು ನಿಂಗೊಬ್ಳಿಗೇ ಕಣೇ.”